ಟಾಂಗಾ ಮನೆಯ ಜಾಕಿ

ಅವನ ಎಡಗಡೆಯ ಕೊರಳೆಲುಬು ಮುರಿದು ಅಡ್ಡಾದಿಡ್ಡಿಯಾಗಿ ಕೂಡಿಕೊಂಡಿತ್ತು. ಕತ್ತಿನಿಂದ ಭುಜದವರೆಗೆ ನೆಟ್ಟಗೆ ಹೋಗಬೇಕಾದ ಎಲುಬು ನಡುದಾರಿಯಲ್ಲಿ ಮೇಲೆದ್ದು, ಮತ್ತೆ ಒಳಗೆ ಮುಳುಗಿ, ಚರ್ಮದ ಕೆಳಗೆ ಒಂದು ಗಂಟಾಗಿ ನಿಂತಿತ್ತು. ಅಂಗಿ ತೆಗೆದು ಮೇಜಿನ ಮೇಲೆ ಕುಳಿತವನನ್ನು ಹಿಂದಿನಿಂದ ನೋಡಿ ಯಾರೋ ಹೈಸ್ಕೂಲು ಹುಡುಗ ಇರಬೇಕು ಅಂದುಕೊಂಡೆ. ಮುಂದೆ ಬಂದು ನೋಡಿದರೆ ಮೂವತ್ತು ದಾಟಿದ ಗಂಡಸು, ಕಿವಿಯ ಹತ್ತಿರ ಆಗಲೇ ಬಿಳಿಕೂದಲು. ಮೈಮೇಲೆ ಒಂದು ಚೂರು ಕೊಬ್ಬಿಲ್ಲ. ತೊಡೆಗಳು ಮಾತ್ರ ಗರಡಿಯಲ್ಲಿ ಸಾಮು ಮಾಡಿದವನ ತೊಡೆಗಳು.

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಫಿಜಿಯೋಥೆರಪಿ ಕ್ಲಿನಿಕ್ಕಿದೆ. ಫೌಂಡ್ರಿಯವರ ಸೊಂಟ, ಬ್ಯಾಂಕಿನವರ ಕುತ್ತಿಗೆ, ಗೃಹಿಣಿಯರ ಮಂಡಿ ಇವುಗಳಲ್ಲಿಯೇ ನನ್ನ ಆಯುಷ್ಯ ಸವೆದಿದೆ. ಇಲ್ಲಿ ಕೈಕಾಲು ಮುರಿದುಕೊಂಡು ಬರುವವರಲ್ಲಿ ಹೆಚ್ಚಿನವರು ದ್ವಿಚಕ್ರದ ಕೃಪೆಯವರು. ಹಾಗಾಗಿ ಕೇಳಿದೆ.

“ಗಾಡಿ ಮ್ಯಾಲಿಂದ ಬಿದ್ದಿದ್ದೇನ ತಮ್ಮಾ?”

“ಅಲ್ಲರೀ. ಕುದರಿ ಮ್ಯಾಲಿಂದ.”

“ಯಾರ ವರಾತದಾಗ?”

ನಮ್ಮ ಕಡೆ ಕುದುರೆ ಕಾಣುವುದು ಮದುವೆಯ ಮೆರವಣಿಗೆಯಲ್ಲಿ. ಬ್ಯಾಂಡಿನ ಸದ್ದಿಗೆ ಬೆದರಿ ಮದುಮಗನನ್ನು ಕೆಳಗೆ ಕೆಡವಿದ ಕುದುರೆಗಳ ಕಥೆ ಪ್ರತಿ ಓಣಿಯಲ್ಲೂ ಒಂದಿರುತ್ತದೆ. ಅವನು ನಕ್ಕ. ನಕ್ಕರೆ ಭುಜ ನೋಯುತ್ತಿತ್ತೆಂದು ಕಾಣುತ್ತದೆ, ಅರ್ಧಕ್ಕೆ ನಿಲ್ಲಿಸಿದ. “ವರಾತ ಅಲ್ಲರೀ ಅಕ್ಕಾರ. ಶರ್ಯತ್ತಿನ್ಯಾಗ ಬಿದ್ದೆ. ಇಂಗ್ಲಂಡಿನ್ಯಾಗ. ನಾ ಜಾಕಿ ಇದ್ನಿ.”

ನಾನು ನಂಬಲಿಲ್ಲ. ನಮ್ಮ ಊರಿನಲ್ಲಿ ರೇಸ್‌ಕೋರ್ಸ್ ಎಂಬ ಹೆಸರಿನ ಮೈದಾನವಿದೆ, ರೇಸಿಲ್ಲ. ಜಾಕಿಗಳೆಂದರೆ ಮುಂಬಯಿಯವರು, ಪುಣೆಯವರು. ಯಾರ ಪೈಕಿ ಎಂದು ಕೇಳಿದೆ. “ಖಾನಾಪುರರೀ. ಟಾಂಗಾ ಚಾಚಾನ ಮಗ” ಎಂದ. ಅವನ ಭುಜದ ಮೇಲಿದ್ದ ನನ್ನ ಕೈ ಅಲ್ಲಿಯೇ ನಿಂತಿತು. ನಾನೂ ಖಾನಾಪುರದವಳು. ಟಾಂಗಾ ಚಾಚಾನ ಟಾಂಗಾದಲ್ಲಿ ಕಾಲು ಜೋತುಬಿಟ್ಟುಕೊಂಡು ಸಾಲಿಗೆ ಹೋದವಳು.

ಚಾಚಾನನ್ನು ಹೇಳದೆ ಈ ಜಾಕಿಯನ್ನು ಹೇಳಲಾಗುವುದಿಲ್ಲ. ನಾನು ಸಣ್ಣವಳಿದ್ದಾಗ ಖಾನಾಪುರದ ರೈಲ್ವೆ ಸ್ಟೇಷನ್ನಿನ ಮುಂದೆ ಟಾಂಗಾಗಳು ನಿಲ್ಲುತ್ತಿದ್ದವು. ಎಲ್ಲರಿಗಿಂತ ಎತ್ತರದ ಮನುಷ್ಯ ನಮ್ಮ ಚಾಚಾ, ಎಲ್ಲರಿಗಿಂತ ಕಡಿಮೆ ಮಾತು ಅವರದು. ಮರಾಠಿಯವರ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ, ಮನೆಯಲ್ಲಿ ದಖನಿ, ಕುದುರೆಯ ಜೊತೆ ಬರೀ ನಾಲಗೆಯ ಟಕಟಕ. ಚಾಬೂಕು ಟಾಂಗಾದ ಬದಿಗೆ ಸಿಕ್ಕಿಸಿದ್ದು ಅಲಂಕಾರಕ್ಕೆ. ಅದನ್ನು ಎತ್ತಿದ್ದನ್ನು ನಾನು ನೋಡಿಲ್ಲ.

ಒಂದು ಮಳೆಗಾಲದಲ್ಲಿ ಮಲಪ್ರಭೆಯ ಸೇತುವೆಯ ಕಡೆಗೆ ಇಳಿಯುವ ಇಳಿಜಾರಿನಲ್ಲಿ ನಮ್ಮ ಟಾಂಗಾದ ಕುದುರೆ ಮುಗ್ಗರಿಸಿತು. ಮುಂಗಾಲು ಜಾರಿ, ಮೂತಿ ನೆಲಕ್ಕೆ ಹೋಗುವುದರಲ್ಲಿತ್ತು. ನಾವು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿದೆವು. ಚಾಚಾ ಎದ್ದು ನಿಂತು, ಎರಡೂ ಲಗಾಮುಗಳನ್ನು ಎದೆಯ ತನಕ ಜಗ್ಗಿ, ಕುದುರೆಯ ತಲೆಯನ್ನು ಬಾವಿಯಿಂದ ಕೊಡ ಸೇದಿದ ಹಾಗೆ ಮೇಲಕ್ಕೆ ಎತ್ತಿಬಿಟ್ಟರು. ಹಿಂದಿನಿಂದ ಟಾಂಗಾದ ಭಾರ ನೂಕುತ್ತಿದೆ, ಮುಂದೆ ತಲೆ ಕೆಳಗಾದರೆ ಕುದುರೆ ಮಗುಚಿ ಅದರ ಮೇಲೆ ನಾವೆಲ್ಲ. ಅದು ಕಾಲೂರಿ ನಿಂತ ಮೇಲೆ ಅವರು ಹೇಳಿದ್ದು ಇಷ್ಟೇ: “ಕುದರಿ ಎಡವಿದರ ಜಗ್ಗಬೇಕು. ಏನಾದ್ರೂ ಆಗಲಿ, ಲಗಾಮ ಬಿಡಬಾರದು.” ನಮ್ಮ ತಂದೆ ಆ ದಿನ ಸಂಜೆ ಅವರ ಮನೆಗೆ ಹೋಗಿ ಕೈಮುಗಿದು ಬಂದರು.

ಜಾಕಿ ಹುಟ್ಟಿದ್ದು ಆಮೇಲೆ. ನಾನು ಬೆಳಗಾವಿಯ ಕಾಲೇಜಿಗೆ ಬಂದುಬಿಟ್ಟಿದ್ದರಿಂದ ಅವನನ್ನು ಸರಿಯಾಗಿ ಕಂಡಿರಲಿಲ್ಲ. ನಡೆಯಲು ಬಂದ ಕೂಡಲೇ ಚಾಚಾ ಅವನನ್ನು ತಮ್ಮ ಎರಡು ಮಂಡಿಗಳ ನಡುವೆ ಕೂರಿಸಿಕೊಂಡು ಟಾಂಗಾ ಹೊಡೆಯುತ್ತಿದ್ದರಂತೆ. “ಅಬ್ಬಾ ಬಾಯಿಲೆ ಏನೂ ಕಲಸಲಿಲ್ಲರೀ ಅಕ್ಕಾರ. ನನ್ನ ಕೈ ಮ್ಯಾಲ ಅವರ ಕೈ ಇಡತಿದ್ರು. ಅವರ ಕೈ ಜಗ್ಗಿದರ ನನ್ನ ಕೈ ಜಗ್ಗತಿತ್ತು. ಹಂಗ ಕಲತೆ” ಎಂದು ಅವನೇ ಹೇಳಿದ.

ಆಟೋರಿಕ್ಷಾಗಳು ಬಂದವು, ಟಾಂಗಾಗಳು ಹೋದವು. ಕೊನೆಯ ಕುದುರೆಯನ್ನು ಬೇರೆಯವರಿಗೆ ಕೊಟ್ಟ ದಿನ ಹುಡುಗ ಸಾಲಿ ಬಿಟ್ಟ. ಕುದುರೆ ಇಲ್ಲದ ಊರಿನಲ್ಲಿ ಅವನಿಗೆ ಕೆಲಸವಿರಲಿಲ್ಲ. ಸಂಬಂಧಿಕರೊಬ್ಬರ ಜೊತೆ ಪುಣೆಗೆ ಹೋಗಿ ರೇಸಿನ ಕುದುರೆಗಳ ಲಾಯದಲ್ಲಿ ಸಯೀಸನಾದ. ಎಂದರೆ ಮೈ ತಿಕ್ಕುವುದು, ಹುಲ್ಲು ಹಾಕುವುದು, ಲದ್ದಿ ಬಳಿಯುವುದು. ಬರುಬರುತ್ತಾ ಬೆಳಗಿನ ಹೊತ್ತು ಕುದುರೆಗಳನ್ನು ಓಡಿಸಿ ಅಭ್ಯಾಸ ಮಾಡಿಸುವ ಕೆಲಸ ಸಿಕ್ಕಿತು. ರೇಸು ಮಾತ್ರ ಸಿಗಲಿಲ್ಲ. ಅಲ್ಲಿ ಜಾಕಿಗಳ ಮಕ್ಕಳೇ ಜಾಕಿಗಳಾಗುತ್ತಿದ್ದರು, ಟಾಂಗಾದವನ ಮಗನಿಗೆ ಯಾರು ಕೊಡುತ್ತಾರೆ? ಇಂಗ್ಲೆಂಡಿನ ಲಾಯಗಳಲ್ಲಿ ಸವಾರರು ಬೇಕಾಗಿದ್ದಾರೆಂದು ಯಾರೋ ಹೇಳಿದರು. ಹೊರಟೇಬಿಟ್ಟ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ.

ಆ ದೇಶದಲ್ಲಿ ಚಳಿಗಾಲದಲ್ಲಿ ಬೇಲಿ ಹಾರುವ ಓಟ ನಡೆಯುತ್ತದೆ. ಕೆಸರು ಹುಲ್ಲುಗಾವಲಿನಲ್ಲಿ ಮೈಲುಗಟ್ಟಲೆ ಓಡಬೇಕು, ನಡುನಡುವೆ ಕಡ್ಡಿಪೊರಕೆಯ ಹೊರೆಗಳಿಂದ ಕಟ್ಟಿದ ಎದೆಯೆತ್ತರದ ಬೇಲಿಗಳನ್ನು ಹಾರಬೇಕು. ಎಷ್ಟೋ ಕುದುರೆಗಳು ಬೀಳುತ್ತವೆ, ಎಷ್ಟೋ ಸವಾರರು ಬೀಳುತ್ತಾರೆ. ನಮ್ಮ ಹುಡುಗನ ಧೈರ್ಯವನ್ನೋ, ಹಗುರ ಮೈಯನ್ನೋ ನೋಡಿ ಲಾಯದ ಯಜಮಾನ ಹೊಸಬರಿಗೆ ಕೊಡುವ ಪರವಾನಗಿ ಕೊಡಿಸಿದ. ಇವನು ಎರಡು ಚಳಿಗಾಲ ಓಡಿಸಿದ. ಒಂದು ಸಲ ಗೆದ್ದ. ಅಷ್ಟೇ ಅವನ ವೃತ್ತಿಜೀವನ. ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಬರುವಷ್ಟು ಅದು ದೊಡ್ಡದೂ ಆಗಿರಲಿಲ್ಲ.

ನನ್ನ ಕ್ಲಿನಿಕ್ಕಿಗೆ ಅವನು ವಾರಕ್ಕೆರಡು ಸಲ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ. ಬಂದವನೇ ಮೊದಲು ಮೂಲೆಯಲ್ಲಿದ್ದ ತೂಕದ ಯಂತ್ರದ ಮೇಲೆ ನಿಂತು ನೋಡಿಕೊಳ್ಳುತ್ತಿದ್ದ. ಚಹಾ ಕೊಟ್ಟರೆ ಸಕ್ಕರೆ ಬೇಡ, ಬಿಸ್ಕೀಟು ಬೇಡ. ಒಂದು ದಿನ ಕುಂದಾ ತರಿಸಿ ಮುಂದಿಟ್ಟೆ. ಬೆಳಗಾವಿಯ ಕುಂದಾ ಬೇಡ ಅನ್ನುವವನನ್ನು ನಾನು ಈವರೆಗೆ ಕಂಡಿರಲಿಲ್ಲ. ಇವನು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ, ಕಣ್ಣು ಮುಚ್ಚಿ, ವಾಪಸು ಕೊಟ್ಟ.

“ಇನ್ನ ಯಾವ ಕುದರಿ ನಿನ್ನ ಹೊರಬೇಕಾಗೇತೋ ಮಾರಾಯಾ? ತಿನ್ನ” ಎಂದು ಗದರಿಸಿದೆ.

“ರೂಢಿ ರೀ ಅಕ್ಕಾರ. ಹೊಟ್ಟಿಗಿಂತ ರೂಢಿ ದೊಡ್ಡದ” ಎಂದ. ಮುಂದಿನ ಸಲ ಮಾತ್ರ ಒಂದು ಚಮಚ ತಿಂದ, ನನ್ನ ಸಿಟ್ಟಿಗೆ ಹೆದರಿ.

ಕುದುರೆಗಳ ಬಗ್ಗೆ ಅವನು ಬಹುವಚನದಲ್ಲಿ ಮಾತಾಡುತ್ತಿದ್ದ. “ಅವರು ಆವತ್ತ ಉಂಡಿರಲಿಲ್ಲ”, “ಅವರಿಗೆ ಗಾಳಿ ಸೇರತಿರಲಿಲ್ಲ” ಎಂದರೆ ಯಾರೋ ಹಿರಿಯರ ಮಾತು ಬಂತೆಂದು ನಾನು ಮೊದಮೊದಲು ಮೋಸಹೋಗುತ್ತಿದ್ದೆ. ಲಾಯದ ಯಜಮಾನನನ್ನು ಮಾತ್ರ ಏಕವಚನದಲ್ಲಿಯೇ ಕರೆಯುತ್ತಿದ್ದ.

ಅವನು ನನಗೆ ಬೀಳುವುದನ್ನು ಕಲಿಸಿದ. ತಮಾಷೆಯಲ್ಲ. ಒಂದು ಮಧ್ಯಾಹ್ನ ಬೇರೆ ರೋಗಿಗಳಿಲ್ಲದಾಗ ವ್ಯಾಯಾಮದ ಚಾಪೆಯ ಮೇಲೆ ಬಿದ್ದು ತೋರಿಸಿದ. ಕೈಯೂರಬಾರದು, ಗದ್ದ ಎದೆಗೆ ಹತ್ತಬೇಕು, ಭುಜದ ಮೇಲೆ ಉರುಳಿ ಮುದ್ದೆಯಾಗಿ ಬಿದ್ದುಕೊಂಡಿರಬೇಕು. “ಎದ್ದು ಓಡಾಕ ಹೋದ್ರ ಸತ್ತಾ ಅಂತನ ಲೆಕ್ಕ. ಹಿಂದ ಬರೂ ಅವರು ನೋಡ್ಕೋತ ದಾಟಿ ಹೋಗತಾರ. ನಾವು ಅಲುಗಾಡಬಾರದು ಅಷ್ಟ” ಎಂದ. ಕೈಯೂರಿ ಬಿದ್ದು ಮಣಿಕಟ್ಟು ಮುರಿದುಕೊಳ್ಳುವ ವಯಸ್ಸಾದವರನ್ನು ನಾನು ದಿನಾ ನೋಡುತ್ತೇನೆ. ಅವನು ತೋರಿಸಿದ್ದನ್ನು ಅವರಿಗೆ ತಕ್ಕ ಹಾಗೆ ಮೆತ್ತಗೆ ಮಾಡಿ ಈಗಲೂ ಕಲಿಸುತ್ತೇನೆ. ಯಾವ ಕಾಲೇಜಿನಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಖಾನಾಪುರದ ಜಾಕಿಯ ಹತ್ತಿರ ಎಂದು ಹೇಳಿ ನಗಿಸುತ್ತೇನೆ.

ಭುಜ ಸ್ವಲ್ಪ ಬಿಚ್ಚಿಕೊಂಡ ಮೇಲೆ, ಒಂದು ದಿನ ತಾನು ಗೆದ್ದ ಓಟವನ್ನು ಫೋನಿನಲ್ಲಿ ತೋರಿಸಿದ. ಮಳೆ ಹಿಡಿದಿತ್ತು. ಎಲ್ಲರ ಬಟ್ಟೆಯೂ ಕೆಸರಾಗಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ, ಹಳದಿ ಟೋಪಿಯವನೇ ತಾನು ಎಂದು ಬೆರಳಿಟ್ಟು ತೋರಿಸಿದ. ಕೊನೆಗೆ ಎರಡೋ ಮೂರೋ ಬೇಲಿ ಉಳಿದಿದ್ದಾಗ ಅವನ ಕುದುರೆ ಹಾರಿ ಇಳಿಯುವಾಗ ಎಡವಿತು. ಮೂತಿ ಹುಲ್ಲಿಗೆ ತಾಗಿತು. ನಾನು ಅಯ್ಯೋ ಎಂದೆ. ಅವನು ಅಲ್ಲಿಯೇ ಚಿತ್ರ ನಿಲ್ಲಿಸಿದ.

“ಇಲ್ಲೆ ನೋಡ್ರಿ. ನನ್ನ ಕೈ ನೋಡ್ರಿ.”

ಅವನ ಎರಡೂ ಕೈ ಬಿಚ್ಚಿದ್ದವು. ಲಗಾಮು ಬೆರಳುಗಳ ಸಂದಿಯಿಂದ ಜಾರಿ, ತುದಿಯವರೆಗೆ ಸರಿದುಹೋಗಿತ್ತು. ಮುಂದಿನ ಕ್ಷಣ ಕುದುರೆ ಕುತ್ತಿಗೆಯನ್ನು ಉದ್ದಕ್ಕೆ ಚಾಚಿ, ತನ್ನನ್ನು ತಾನೇ ನೆಲದಿಂದ ಮೇಲೆತ್ತಿಕೊಂಡು ಓಡಿತು. ಅವನು ಓಡುತ್ತಲೇ ಲಗಾಮನ್ನು ಮತ್ತೆ ಗೇಣು ಗೇಣಾಗಿ ಬಾಚಿಕೊಂಡ.

“ಟಾಂಗಾಕ್ಕ ಕಟ್ಟಿದ ಕುದರಿ ಎಡವಿದರ ಜಗ್ಗಬೇಕ್ರೀ, ಹಿಂದ ವಜ್ಜಾ ಇರತೈತಿ. ಬೇಲಿ ಹಾರಿ ಇಳಿಯೂ ಕುದರಿ ಎಡವಿದರ ಬಿಡಬೇಕು. ಅವರಿಗೆ ಕುತ್ತಿಗಿ ಬೇಕು. ಕುತ್ತಿಗಿ ಚಾಚೇ ಅವರು ಏಳತಾರ. ಆ ಹೊತ್ತಿನ್ಯಾಗ ಜಗ್ಗಿದರ ಮುಗೀತು, ತಲಿಕೆಳಗ ಹೋಗತಾರ.”

ಅಪ್ಪನ ಕೈಯಿಂದ ಬಂದದ್ದನ್ನು ತನ್ನ ಕೈಯಿಂದ ತೆಗೆಯಲು ಅವನಿಗೆ ಇಡೀ ಒಂದು ಚಳಿಗಾಲ ಹಿಡಿಯಿತಂತೆ. ಲಾಯದ ಬಾಗಿಲಿನ ಮೇಲಿಂದ ಒಂದು ಚರ್ಮದ ಪಟ್ಟಿ ಹಾಯಿಸಿ, ಗೆಳೆಯನೊಬ್ಬ ಆ ಕಡೆಯಿಂದ ಹೇಳದೆ ಕೇಳದೆ ಜಗ್ಗಿದಾಗ ಇವನು ಬೆರಳು ಬಿಚ್ಚಬೇಕು. ಊಟದ ಹೊತ್ತಿನಲ್ಲಿ ಅದೇ, ಸಂಜೆಯೂ ಅದೇ. ಬಿಡು ಬಿಡು ಎಂದು ಯಜಮಾನ ಮೈದಾನದ ಅಂಚಿನಿಂದ ಕಿರುಚುತ್ತಿದ್ದ. ಆ ಗೆದ್ದ ದಿನ ಕೈ ತಾನಾಗಿಯೇ ಬಿಟ್ಟಿತ್ತು. ಗೆದ್ದದ್ದಕ್ಕಿಂತ ಅದರ ಖುಷಿಯೇ ಅವನಿಗೆ ಹೆಚ್ಚು. ಆ ಓಟವನ್ನು ನನ್ನ ಫೋನಿಗೂ ಕಳಿಸಿಕೊಟ್ಟ.

“ಮತ್ತ ಬಿದ್ದದ್ದು?” ಎಂದು ಕೇಳಿದೆ. ಕೇಳಬಾರದಿತ್ತೇನೋ. ಆ ದಿನ ಹೇಳಲಿಲ್ಲ. ಮುಂದಿನ ವಾರ, ನಾನು ಕೇಳದೆಯೇ, ಗೋಡೆಯ ಕಡೆ ಮುಖ ಮಾಡಿ ಕೈ ಮೇಲೆತ್ತುವ ವ್ಯಾಯಾಮ ಮಾಡುತ್ತಾ ಹೇಳಿದ.

ಎರಡನೆಯ ಚಳಿಗಾಲ. ಬೇರೊಂದು ಊರಿನ ಮೈದಾನ. ಬೂದುಬಣ್ಣದ ಹೆಣ್ಣು ಕುದುರೆ, ತಾನೇ ಮೈ ತಿಕ್ಕಿ ಬೆಳೆಸಿದ್ದು. ಆ ಮೈದಾನದಲ್ಲಿ ಕೊನೆಯ ಬೇಲಿ ಇದ್ದದ್ದು ಒಂದು ಇಳಿಜಾರಿನಲ್ಲಿ. ಕುದುರೆ ದಣಿದಿತ್ತು. ಬೇಲಿ ಹಾರಿ ಇಳಿಯುವಾಗ ಮುಂಗಾಲು ಮಡಿಚಿತು.

“ಇಳಕಲ ಇತ್ರೀ ಅಕ್ಕಾರ. ಇಳಕಲದಾಗ ನನ್ನ ಕೈ ಖಾನಾಪುರದ್ದ ಆತು. ಜಗ್ಗಿಬಿಟ್ಟೆ. ಎದೀ ಮಟ ಜಗ್ಗಿದೆ. ಅವರು ಏಳಾಕ ನೋಡಿದ್ರು, ನಾ ಏಳಗೊಡಲಿಲ್ಲ.”

ಕುದುರೆ ಮಗುಚಿ ಬಿತ್ತು. ಇವನ ಕೊರಳೆಲುಬು ಮುರಿಯಿತು, ಅದರ ಮುಂಗಾಲು ಮುರಿಯಿತು. ಕಾಲು ಮುರಿದ ರೇಸಿನ ಕುದುರೆಯನ್ನು ಅಲ್ಲಿ ಉಳಿಸುವುದಿಲ್ಲ. ಜನರಿಗೆ ಕಾಣಬಾರದೆಂದು ಸುತ್ತ ಹಸಿರು ಪರದೆ ಹಿಡಿದರು. ಇವನನ್ನು ಹೊರಗೆ ಕರೆದರೂ ಹೋಗಲಿಲ್ಲ, ಅದರ ತಲೆಯ ಹತ್ತಿರ ಕುಳಿತಿದ್ದ. ಗುಂಡಿನ ಸದ್ದು ಕೇಳಿದ ಮೇಲೆ ಎದ್ದ. ಇಂಥದ್ದು ಆಗುತ್ತಿರುತ್ತದೆ ಎಂದು ಎಲ್ಲರೂ ಬೆನ್ನು ತಟ್ಟಿದರು. ಯಜಮಾನ ಕೂಡ ಏನೂ ಅನ್ನಲಿಲ್ಲ. “ನಾ ಜಗ್ಗಿದ್ದು ಯಾರೂ ನೋಡಿರಲಿಲ್ಲರೀ. ಏನರ ಅಂದಿದ್ದರ ಚೊಲೋ ಇತ್ತು” ಎಂದ. ಅವನು ಊರಿಗೆ ಮರಳಿದ. ಎಲುಬು ಕೂಡಿದ ಮೇಲೆ ಬಾ ಎಂದು ಅಲ್ಲಿಂದ ಎಷ್ಟೋ ಸಲ ಫೋನು ಬಂತು. ಅವನು ಹೋಗಲಿಲ್ಲ. ಅದಾದ ಮೇಲೆ ಯಾವ ಕುದುರೆಯನ್ನೂ ಹತ್ತಲಿಲ್ಲ.

ಇಷ್ಟೇ ಆಗಿದ್ದರೆ ಅದು ಅವನೊಬ್ಬನ ದುಃಖ. ಆದರೆ ಬಿದ್ದ ದಿನ ಆಸ್ಪತ್ರೆಯಿಂದ ಮನೆಗೆ ಫೋನು ಮಾಡಿದಾಗ ಚಾಚಾ ಮೊದಲು ಜೀವದ ಬಗ್ಗೆ ಕೇಳಿದರಂತೆ, ಆಮೇಲೆ ಲಗಾಮಿನ ಬಗ್ಗೆ. “ಲಗಾಮ ಬಿಟ್ಟಿರಲಿಲ್ಲಲ್ಲ?” “ಇಲ್ಲ ಅಬ್ಬಾ. ಬಿಟ್ಟಿಲ್ಲ.” ಆ ಒಂದು ಮಾತನ್ನು ಹಿಡಿದುಕೊಂಡು ಚಾಚಾ ಖಾನಾಪುರದ ತುಂಬ ಓಡಾಡಿದರು. ಸ್ಟೇಷನ್ನಿನ ಚಹಾದಂಗಡಿಯಲ್ಲಿ, ಮಸೀದಿಯ ಮೆಟ್ಟಿಲ ಮೇಲೆ, ನನ್ನ ತಮ್ಮನ ಕಿರಾಣಿ ಅಂಗಡಿಯ ಮುಂದೆ, ನನ್ನ ಮಗ ಕುದುರೆ ಸಮೇತ ಬಿದ್ದ, ಎಲುಬು ಮುರಿಯಿತು, ಲಗಾಮು ಮಾತ್ರ ಬಿಡಲಿಲ್ಲ ಎಂದು ಹೇಳಿದ್ದೇ ಹೇಳಿದ್ದು. ಟಾಂಗಾ ಹೋಗಿ ಎಷ್ಟೋ ವರ್ಷಗಳ ಮೇಲೆ ಅವರಿಗೆ ಹೆಮ್ಮೆಪಡಲು ಒಂದು ಸಂಗತಿ ಸಿಕ್ಕಿತ್ತು.

“ನೀ ಹೇಳಿಬಿಡ ತಮ್ಮಾ. ಒಳಗಿಟ್ಟುಕೊಂಡು ಕೊರಗಬ್ಯಾಡ” ಎಂದೆ.

ಅವನು ಗೋಡೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದ. “ಆ ಕೈಲೆನ ಅವರು ನಮ್ಮನ್ನೆಲ್ಲಾ ಸಾಕ್ಯಾರ್ರೀ. ಆ ಕೈ ಒಂದು ಜೀಂವ ತಗೊಂತು ಅಂತ ಅವರಿಗೆ ಹೆಂಗ ಹೇಳಲಿ? ಅವರು ಇರೂತನಕ ಗೊತ್ತಾಗಬಾರದು. ನೀವೂ ಹೇಳಬ್ಯಾಡ್ರಿ.”

“ಗೆದ್ದದ್ದಾದ್ರೂ ತೋರಸು. ಪಾಪ, ಮುದುಕಗ ಖುಷಿ ಆಗತೈತಿ.”

“ಬ್ಯಾಡ್ರಿ. ಅದೂ ಬ್ಯಾಡ. ಅಬ್ಬಾನ ಕಣ್ಣು ನಿಮಗ ಗೊತ್ತಿಲ್ಲ.”

ಭಾವುಕರಾಗಿ ಅಳುತ್ತಾರೆ ಎನ್ನುವ ಅರ್ಥದಲ್ಲಿ ಹೇಳಿದನೆಂದು ನಾನು ತಿಳಿದೆ. ಮಗ ಗೆದ್ದದ್ದನ್ನು ನೋಡಿ ಅಪ್ಪ ಅತ್ತರೇನು ಗಂಟು ಹೋಗುತ್ತದೆ ಎಂದು ಒಳಗೊಳಗೇ ಬೈದುಕೊಂಡೆ ಕೂಡ.

ಭುಜ ಸರಿಹೋದ ಮೇಲೆ ಅವನಿಗೆ ಒಂದು ಕೆಲಸ ಸಿಕ್ಕಿತು. ಸಾಂಬ್ರಾ ರಸ್ತೆಯ ಕಡೆ, ಬೇಕಾದಷ್ಟು ದುಡಿದ ಫೌಂಡ್ರಿ ಮಾಲೀಕರೊಬ್ಬರು ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಮೈದಾನ ಮಾಡಿದ್ದರು. ಇವನು ಮೈದಾನದ ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುತ್ತಿದ್ದ. ಮಕ್ಕಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲಗಾಮು ಹಿಡಿಸುತ್ತಿದ್ದ. ಸ್ವರ ಏರಿಸಿದವನಲ್ಲ. ಆದರೆ ನೆಲದಿಂದ ಗೇಣೆತ್ತರಕ್ಕೆ ಕಟ್ಟಿದ ಕೋಲನ್ನು ದಾಟುವಾಗ ಕುದುರೆ ಒಂದಿಷ್ಟು ಎಡವಿದರೂ ಸಾಕು, “ಬಿಡ್! ಬಿಡ್!” ಎಂದು ಕೂಗುತ್ತಿದ್ದ. ಆ ಕೂಗು ಕೇಳಿ ತಂದೆತಾಯಿಗಳು ಚಹಾದ ಕಪ್ಪು ಹಿಡಿದು ಎದ್ದು ನಿಲ್ಲುತ್ತಿದ್ದರು.

ಒಂದು ಭಾನುವಾರ ಮಗನ ಕೆಲಸ ನೋಡಬೇಕೆಂದು ಚಾಚಾ ಅಲ್ಲಿಗೆ ಬಂದರು. ನಾನೂ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಕೋಲಿನ ಮೇಲೆ ಗದ್ದವಿಟ್ಟು, ಪ್ರತಿ ಕುದುರೆಯ ಗೊರಸು, ಪ್ರತಿ ಮಗುವಿನ ಮೊಣಕೈ ನೋಡಿದರು. ಬಿಡ್ ಎಂಬ ಕೂಗು ಬಂದಾಗ ಅವರ ಹುಬ್ಬು ಗಂಟಾಯಿತು.

“ಬಿಡು ಅಂತ ಯಾಕ ಕಲಸ್ತೀ?” ಎಂದು ಮಗನನ್ನು ಕರೆದು ಕೇಳಿದರು.

“ಇವು ಆಟದ ಕುದರಿ ಅಬ್ಬಾ. ಆಟಕ್ಕ ಹಂಗ” ಎಂದು ಅವನು ತಲೆ ತಗ್ಗಿಸಿ ಹೇಳಿದ.

“ಇಂಗ್ಲಂಡಿಗೆ ಹೋಗಿ ಲಗಾಮ ಬಿಡೂದು ಕಲತ ಬಂದಾನ ನೋಡ ಬೇಟಿ” ಎಂದು ಚಾಚಾ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಜಾಕಿ ನಗಲಿಲ್ಲ, ಮೈದಾನದ ನಡುವೆ ವಾಪಸು ಹೋಗಿ ನಿಂತ.

ಕೆಲವು ವರ್ಷಗಳ ಮೇಲೆ ಅವನು ತೀರಿಹೋದದ್ದು ಆ ಮೈದಾನದಲ್ಲಿಯೇ. ಬೆಳಗಿನ ಹೊತ್ತು, ಒಬ್ಬ ಹುಡುಗಿಗಾಗಿ ಕುದುರೆಗೆ ಜೀನು ಕಟ್ಟುತ್ತಿದ್ದ. ಹೊಟ್ಟೆಯ ಕೆಳಗಿನ ಪಟ್ಟಿ ಬಿಗಿಯಲು ಬಾಗಿದವನು ಹಾಗೆಯೇ ಕುಳಿತು, ಕುದುರೆಯ ಮುಂಗಾಲಿಗೆ ತಲೆಯಾನಿಸಿದ. ಸುಸ್ತಾಗಿರಬೇಕೆಂದು ಹುಡುಗಿ ಅಂದುಕೊಂಡಳಂತೆ. ಹೃದಯ ನಿಂತುಹೋಗಿತ್ತು. ಜನ ಓಡಿಬಂದು ಅವನನ್ನು ಎತ್ತುವವರೆಗೂ ಆ ಕುದುರೆ ಕಾಲು ಕದಲಿಸದೆ ನಿಂತಿತ್ತು. ಆಸ್ಪತ್ರೆಗೆ ಒಯ್ದರು, ಒಯ್ಯಬೇಕಲ್ಲ ಎಂದು. ನಲವತ್ತು ತುಂಬಿರಲಿಲ್ಲ. ಅಂಥ ಹಗುರ ಮೈಯವನಿಗೆ, ಸಕ್ಕರೆ ಮುಟ್ಟದವನಿಗೆ, ಹೃದಯಾಘಾತ! ಸುದ್ದಿ ಬಂದಾಗ ನಾನು ಒಬ್ಬರ ಮಂಡಿಗೆ ಪಟ್ಟಿ ಸುತ್ತುತ್ತಿದ್ದೆ. ಅದನ್ನು ಪೂರ್ತಿ ಸುತ್ತಿ ಮುಗಿಸಿ, ಒಳಗೆ ಹೋಗಿ ತೂಕದ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅತ್ತೆ. ಆ ದಿನ ಮತ್ತೆ ಯಾರನ್ನೂ ನೋಡಲಿಲ್ಲ.

ಖಾನಾಪುರದಲ್ಲಿ ಮಣ್ಣು ಮಾಡಿದರು. ನಾನು ಹೋದಾಗ ಚಾಚಾ ಅಂಗಳದಲ್ಲಿ ಗಂಡಸರ ನಡುವೆ ಕುಳಿತಿದ್ದರು. ಅವನ ಹೆಂಡತಿ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಆದ ಮೇಲೆ ಒಂದು ಭಾನುವಾರ ಮತ್ತೆ ಹೋದೆ. ಚಾಚಾ ಒಳಗಿನ ಪಡಸಾಲೆಯಲ್ಲಿ ಮಂಚದ ಮೇಲೆ ಕುಳಿತಿದ್ದರು. ಸೊಸೆ ಚಹಾ ಮಾಡಲು ಒಳಗೆ ಹೋದಳು. ಊರಿನ ಮಾತು, ಮಳೆಯ ಮಾತು ಮುಗಿದ ಮೇಲೆ ಅವರು ಕೇಳಿದರು.

“ಅಂವ ನಿನಗ ತನ್ನ ಶರ್ಯತ್ತ ತೋರಿಸಿದ್ನಂತ. ಸೊಸಿ ಹೇಳಿದ್ಲು. ನನಗ ಒಮ್ಮೆನೂ ತೋರಸಲಿಲ್ಲ. ಕೇಳಿದಾಗೊಮ್ಮೆ ಆಮ್ಯಾಲ ಅಬ್ಬಾ, ಆಮ್ಯಾಲ ಅಬ್ಬಾ. ನಿನ್ನ ಫೋನಿನ್ಯಾಗ ಐತೇನ ಬೇಟಿ?”

ಇಲ್ಲ ಎನ್ನಬಹುದಿತ್ತು. ಆ ಮುಖ ನೋಡಿ ಹೇಗೆ ಅನ್ನುವುದು? ಬಿದ್ದದ್ದು ನನ್ನ ಹತ್ತಿರ ಇರಲಿಲ್ಲ, ಇದ್ದದ್ದು ಗೆದ್ದದ್ದು. ಮಗ ಗೆದ್ದದ್ದನ್ನು ಒಮ್ಮೆಯಾದರೂ ಈ ಮನುಷ್ಯ ನೋಡಲಿ, ಇದರಲ್ಲಿ ಬಚ್ಚಿಡುವಂಥದ್ದು ಏನಿದೆ ಎಂದುಕೊಂಡೆ. ಪಕ್ಕದಲ್ಲಿ ಕುಳಿತು ಫೋನನ್ನು ಅವರ ಕಣ್ಣಿಗೆ ಸರಿಯಾಗಿ ಹಿಡಿದೆ. ಹಳದಿ ಟೋಪಿ ಎಂದೆ. ಅವರಿಗೆ ಟೋಪಿಯ ಗುರುತು ಬೇಕಾಗಿರಲಿಲ್ಲ. ಕುದುರೆಗಳು ಹೊರಟ ಕೂಡಲೇ, ಅಷ್ಟು ಸಣ್ಣ ಪರದೆಯಲ್ಲಿ, ಅಷ್ಟು ಕೆಸರಿನಲ್ಲಿ, ಕುಳಿತ ರೀತಿಯ ಮೇಲೆಯೇ ಮಗನನ್ನು ಬೆರಳಿಟ್ಟು ತೋರಿಸಿದರು. “ಯಾ ಅಲ್ಲಾ, ಎಷ್ಟ ಚಂದ ಕುಂತಾನ” ಎಂದರು. ಅವರ ಕಣ್ಣು ಕುದುರೆಯ ಮೇಲಿರಲಿಲ್ಲ, ಜನರ ಮೇಲಿರಲಿಲ್ಲ. ಮಗನ ಕೈಗಳ ಮೇಲಿತ್ತು.

ಆ ಬೇಲಿ ಬಂತು. ಕುದುರೆ ಹಾರಿತು, ಇಳಿಯುವಾಗ ಎಡವಿತು. ಚಾಚಾನ ಎರಡೂ ಮುಷ್ಟಿಗಳು ಗಕ್ಕನೆ ಎದೆಗೆ ಬಂದವು. ಮಂಚ ಕಿರ್ರೆಂದಿತು. ಪರದೆಯ ಮೇಲೆ ಮಗನ ಕೈ ಬಿಚ್ಚಿಕೊಂಡಿತು.

“ನಿಲ್ಲಸು. ಹಿಂದಕ್ಕ ಒಯ್ಯಿ.”

ಹಿಂದಕ್ಕೆ ಒಯ್ದೆ. ಮತ್ತೆ ಎಡವಿತು, ಮತ್ತೆ ಲಗಾಮು ಬೆರಳುಗಳಿಂದ ಜಾರಿ ಸರಿಯಿತು, ಮತ್ತೆ ಕುದುರೆ ಕುತ್ತಿಗೆ ಚಾಚಿ ಎದ್ದಿತು. ಮೂರನೆಯ ಸಲವೂ ನೋಡಿದರು. ಆಗ ನನಗೆ ಅರ್ಥವಾಯಿತು, ಅಬ್ಬಾನ ಕಣ್ಣು ನಿಮಗೆ ಗೊತ್ತಿಲ್ಲ ಎಂದು ಅವನು ಯಾಕೆ ಅಂದಿದ್ದನೆಂದು. ಫೋನು ಮುಚ್ಚಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದರು.

“ಬಿಟ್ಟಾನ.”

“ಹೌದ್ರಿ ಚಾಚಾ.”

“ಬಿಟ್ಟಿದ್ದಕ್ಕ ಎದ್ದೈತಿ ಅದು. ನಾ ಆಗಿದ್ದರ ಜಗ್ಗತಿದ್ದೆ. ಜಗ್ಗಿದ್ದರ ಮಗಚಿ ಬೀಳತಿತ್ತು.”

ಒಳಗೆ ಸ್ಟೋವಿನ ಸದ್ದು ನಿಂತಿತು.

“ಆ ಬೂದ ಕುದರಿ ಬಿದ್ದಾಗ ಬಿಟ್ಟಿರಲಿಲ್ಲ” ಎಂದರು ಚಾಚಾ, ನನಗಲ್ಲ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. “ನಾನ ಕೇಳಿದ್ದೆ ಫೋನಿನ್ಯಾಗ. ಇಲ್ಲ ಅಬ್ಬಾ, ಬಿಟ್ಟಿಲ್ಲ ಅಂದಿದ್ದ. ನಾ ಊರ ತುಂಬ ಹೇಳಕೋತ ತಿರಗಿದೆ.” ಆಮೇಲೆ ನನ್ನ ಮುಖ ನೋಡಿದರು. “ನಿನಗ ಗೊತ್ತಿತ್ತು.”

ತಲೆಯಾಡಿಸಿದೆ. ಇನ್ನು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಅವರು ಅಳಲಿಲ್ಲ. ಬಾಗಿಲ ಕಡೆ ಮುಖ ತಿರುಗಿಸಿದರು. ಸೊಸೆ ಚಹಾದ ತಟ್ಟೆ ಹಿಡಿದು ಬಂದವಳು, ಇಬ್ಬರ ಮುಖ ನೋಡಿ ಹೊಸ್ತಿಲಲ್ಲೇ ನಿಂತಳು.

“ಹುಚ್ಚ. ಇಷ್ಟ ವರ್ಷ ಒಳಗ ಇಟಗೊಂಡಿದ್ನಲ್ಲ” ಎಂದರು. “ಒಂದ ಸಲ ನನ್ನ ಮುಂದ ಹೇಳಿದ್ದರ ಆಗತಿತ್ತು. ನಾ ಅಂದಿರತಿದ್ದೆ, ಬೇಟಾ, ಜಗ್ಗಿದ್ದು ನಿನ್ನ ಕೈ ಅಲ್ಲ, ನನ್ನ ಕೈ. ನೀ ಯಾಕ ಹೊತಗೊಂಡ ಕುಂತೀ, ನನಗ ಕೊಡ ಅಂತಿದ್ದೆ. ಮತ್ತ ಕುದರಿ ಹತ್ತ, ಹೋಗು ಅಂತಿದ್ದೆ.”

ಸೊಸೆ ತಟ್ಟೆಯನ್ನು ಮಂಚದ ಮೇಲಿಟ್ಟು ಅವರ ಕಾಲ ಹತ್ತಿರ ಕುಳಿತುಬಿಟ್ಟಳು. ಯಾರೂ ಚಹಾ ಮುಟ್ಟಲಿಲ್ಲ. ಚಾಚಾ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ನನ್ನ ಮಣಿಕಟ್ಟು ಬಿಟ್ಟು, ಫೋನಿನ ಕಡೆ ಕೈ ತೋರಿಸಿದರು.

“ಮದಲಿಂದ ಹಚ್ಚ ಬೇಟಿ. ಅಂವ ಗೆದ್ದದ್ದ ನಾ ನೋಡಲೇ ಇಲ್ಲ.”